ಬಾಯಿ ಮುಚ್ಚಿಸಿ ಕಲಿಸಿದ ಇಂಗ್ಲಿಷ್

ನಿವೃತ್ತಿಯ ದಿನ ಕಚೇರಿಯವರು ಕೇಕು ಕತ್ತರಿಸಿ, ಗಿಡವಿದ್ದ ಒಂದು ಕುಂಡ ಕೈಗಿತ್ತು, ‘ಹೊಸಬರಿಗಾಗಿ ಒಂದೆರಡು ಮಾತು ಬರೆದುಕೊಡಿ’ ಎಂದರು. ಸ್ವೀಡಿಷ್‌ನಲ್ಲಿ ಒಂದು ಪುಟ ಬರೆದುಕೊಟ್ಟು ಬಂದೆ. ಅದರಲ್ಲಿ ಹೇಳಬೇಕಾದದ್ದು ಏನೂ ಇರಲಿಲ್ಲ. ಈಗ ನಮ್ಮವರೇ ಇಬ್ಬರು ಹುಡುಗಿಯರು, ಒಬ್ಬಳು ಮಾಲ್ಮೋದಲ್ಲಿ ಒಬ್ಬಳು ಉಪ್ಸಾಲಾದಲ್ಲಿ, ನಾನು ಮಾಡುತ್ತಿದ್ದ ಕೆಲಸಕ್ಕೇ ಸೇರಿದ್ದಾರೆ. ಅವರು ಫೋನ್ ಮಾಡಿ ‘ಆಂಟಿ, ಕ್ಲಾಸಲ್ಲಿ ಆಕ್ಚುಯಲಿ ಏನ್ ಮಾಡ್ತಿದ್ರಿ?’ ಎಂದು ಕೇಳಿದ್ದಕ್ಕೆ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೆಲಸವಿಷ್ಟೇ. ಇಂಗ್ಲಿಷ್ ಚೆನ್ನಾಗಿ ಗೊತ್ತಿರುವವರಿಗೆ ಇಂಗ್ಲಿಷ್ ಮಾತಾಡುವಾಗ ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಕಲಿಸುವುದು. ವ್ಯಾಕರಣ ಇಲ್ಲ, ಪದ ಇಲ್ಲ, ಬರೀ ಧಾಟಿ. ಗದಗಿನಿಂದ ನನ್ನ ಅಕ್ಕ ಫೋನ್ ಮಾಡಿದಾಗ ಇದನ್ನು ಹೇಳಿದೆ. ‘ಇದಕ್ಕೂ ಪಗಾರ ಕೊಡ್ತಾರೇನ?’ ಎಂದಳು. ಕೊಡುತ್ತಿದ್ದರು.

ಬಡ್ತಿ, ಪ್ರಶಸ್ತಿಪತ್ರ ಇತ್ಯಾದಿಗಳನ್ನು ಬಿಟ್ಟುಬಿಡುತ್ತೇನೆ. ಒಮ್ಮೆ ನನ್ನ ಪಾಠದಿಂದಾಗಿಯೇ ಒಬ್ಬನ ನೌಕರಿ ಹೋಗುವುದರಲ್ಲಿತ್ತು. ನೌಕರಿ ಹೋದರೆ ಅವನ ಹೆಂಡತಿ, ಮಗಳು ಎಲ್ಲರೂ ಈ ದೇಶ ಬಿಡಬೇಕಾಗುತ್ತಿತ್ತು. ನಿಜ ಹೇಳಬೇಕೆಂದರೆ ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ನಾನು ಏನು ತಿಳಿದುಕೊಂಡಿದ್ದೆ ಎನ್ನುವುದನ್ನು ಮೊದಲು ಹೇಳದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ.

ಮೊದಲ ಪಾಠ ನನಗೇ ಆಯಿತು. ಗಂಡನ ಸಂಶೋಧನೆಯ ಕೆಲಸಕ್ಕಾಗಿ ಉಪ್ಸಾಲಾಕ್ಕೆ ಬಂದವಳು ಅಲ್ಲಿನ ವಯಸ್ಕರ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ಸೇರಿದೆ. ಗದಗಿನ ಕಾಲೇಜಿನಲ್ಲಿ ಹೇಗೆ ಕಲಿಸುತ್ತಿದ್ದೆನೋ ಇಲ್ಲಿಯೂ ಹಾಗೇ ಕಲಿಸಿದೆ. ‘ಓಪನ್ ಯುವರ್ ಬುಕ್ಸ್. ರೀಡ್. ಲೌಡರ್.’ ಕೆಲವು ವಾರಗಳಾದ ಮೇಲೆ ಶಾಲೆಯ ಮುಖ್ಯಸ್ಥರು ನನ್ನನ್ನು ಫಿಕಾಕ್ಕೆ ಕರೆದರು. ಫಿಕಾ ಎಂದರೆ ಇಲ್ಲಿನವರ ಕಾಫಿ ವಿರಾಮ, ದೇಶದ ಅರ್ಧ ಕೆಲಸ ಅಲ್ಲೇ ನಡೆಯುತ್ತದೆ. ದಾಲ್ಚಿನ್ನಿ ಬನ್ನು ನನ್ನ ಕಡೆ ಸರಿಸಿ, ಮೃದುವಾಗಿ, ‘ಕೆಲವು ವಿದ್ಯಾರ್ಥಿಗಳು ನಿಮ್ಮ ದನಿಯ ಬಗ್ಗೆ ಸ್ವಲ್ಪ ಮಾತಾಡಿಕೊಳ್ಳುತ್ತಿದ್ದಾರೆ’ ಎಂದರು. ನಾನು ಥ್ಯಾಂಕ್ಯೂ ಹೇಳಿ ಬನ್ನು ತಿಂದೆ. ಮನೆಗೆ ಬಂದು ಗಂಡನಿಗೆ ‘ಶಾಲೆಯಲ್ಲಿ ನನ್ನ ದನಿಗೆ ಭಾರಿ ಮೆಚ್ಚುಗೆ’ ಎಂದೆ. ಅವರು ನನಗಿಂತ ಎರಡು ವರ್ಷ ಮೊದಲು ಬಂದವರು. ಹೊಟ್ಟೆ ಹಿಡಿದುಕೊಂಡು ನಕ್ಕು, ‘ಅದು ಬೈಗುಳ ಕಣೇ’ ಎಂದರು.

ಮರುದಿನ ತರಗತಿಯಲ್ಲಿ ನೇರವಾಗಿ ಕೇಳಿದೆ. ಒಬ್ಬ ಮುದುಕ ಬಡಗಿ ಧೈರ್ಯ ಮಾಡಿ ಬಾಯಿಬಿಟ್ಟ. ‘ನಾವು ಏನು ತಪ್ಪು ಮಾಡಿದ್ದೇವೆ ಎಂದು ಗೊತ್ತಾಗಿದ್ದರೆ ತಿದ್ದಿಕೊಳ್ಳುತ್ತಿದ್ದೆವು.’ ಇಡೀ ತರಗತಿ ತಿಂಗಳಿನಿಂದ ನನಗೆ ಕೋಪ ಬಂದಿದೆ ಎಂದುಕೊಂಡಿತ್ತು.

ಆ ದಿನ ಬಸ್ಸಿನಲ್ಲಿ ಕೂತು ಯೋಚಿಸಿದ್ದು ಕೊನೆಯ ತನಕ ನನ್ನ ಅನ್ನ ಹುಟ್ಟಿಸಿತು. ನಾವು ‘ಕೂತುಕೊಳ್ಳಿ’ ಎಂದಾಗ ಮರ್ಯಾದೆ ಆ ಪದದ ತುದಿಯಲ್ಲೇ ಇರುತ್ತದೆ. ಕಿರುಚಿ ಹೇಳಿದರೂ ಅದು ಉದುರುವುದಿಲ್ಲ. ಉತ್ತರ ಕರ್ನಾಟಕದಲ್ಲಂತೂ ಒಂದು ‘ರೀ’ ಸೇರಿಸಿ ಎಷ್ಟು ಒರಟಾಗಿ ಬೇಕಾದರೂ ಮಾತಾಡಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇಂಗ್ಲಿಷ್‌ನ ‘ಸಿಟ್ ಡೌನ್’ನಲ್ಲಿ ಅಂಥ ಜಾಗ ಇಲ್ಲ. ಮರ್ಯಾದೆ, ಸಲಿಗೆ, ಸಂಶಯ, ವ್ಯಂಗ್ಯ ಎಲ್ಲವೂ ದನಿಯ ಏರಿಳಿತದಲ್ಲಿ ಕೂತಿರುತ್ತವೆ. ನಮ್ಮವರು ಇಂಗ್ಲಿಷ್ ಮಾತಾಡುವಾಗ ‘ರೀ’ಯನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ, ಆ ಏರಿಳಿತವನ್ನು ಇನ್ನೂ ತಂದಿರುವುದಿಲ್ಲ. ಉಳಿಯುವುದು ಬರಿಯ ಅಪ್ಪಣೆ.

ಇಲ್ಲಿಯವರೇನೂ ಕಡಿಮೆ ಇಲ್ಲ. ಆಮೇಲೆ ನಾರ್‌ಶೋಪಿಂಗ್‌ನ ತರಬೇತಿ ಸಂಸ್ಥೆಗೆ ಸೇರಿದಾಗ ನನ್ನ ಮೊದಲ ಗಿರಾಕಿ ಮಾರ್ಗರೆಟಾ ಎಂಬ ಸಜ್ಜನ ಹೆಂಗಸು. ಇಂಗ್ಲೆಂಡಿನ ಗ್ರಾಹಕರ ಫೋನುಗಳನ್ನು ಅವಳು ನೋಡಿಕೊಳ್ಳುತ್ತಿದ್ದಳು. ಯಾರು ಏನು ಸಹಾಯ ಕೇಳಿದರೂ ತುಂಬು ಮನಸ್ಸಿನಿಂದ ‘ಆಫ್ ಕೋರ್ಸ್’ ಎನ್ನುತ್ತಿದ್ದಳು. ಆದರೆ ಕೊನೆಗೆ ದನಿಯನ್ನು ದೊಪ್ಪೆಂದು ಕೆಳಗೆ ಹಾಕುತ್ತಿದ್ದಳು. ಕೇಳಿದವರಿಗೆ ‘ಇಷ್ಟೂ ಗೊತ್ತಾಗಲ್ವಾ ನಿಮಗೆ’ ಎಂದಂತೆ ಆಗುತ್ತಿತ್ತು. ದೂರಿನ ಮೇಲೆ ದೂರು. ಅದೇ ಎರಡು ಪದವನ್ನು ಎತ್ತರದಲ್ಲಿ ಶುರುಮಾಡಿ ಮೆಲ್ಲಗೆ ಇಳಿಸುವುದನ್ನು ಕಲಿಸಿದೆ. ಹದಿನೈದು ದಿನದಲ್ಲಿ ದೂರು ನಿಂತಿತು. ಆ ಗೆಲುವು ನನ್ನ ತಲೆಗೇರಿತು. ಏರಿಸಿ ಇಳಿಸಿ ಮೃದು ಮಾಡಿದರೆ ಸರಿಹೋಗದ ಕೇಸೇ ಇಲ್ಲ ಎಂದುಕೊಂಡೆ.

ವಿಧಾನದ ಬಗ್ಗೆಯೂ ಹೇಳಿಬಿಡುತ್ತೇನೆ. ಮೊದಲು ಕ್ಯಾಸೆಟ್ ಇತ್ತು. ನಿಲ್ಲಿಸು, ಹಿಂದಕ್ಕೆ ತಿರುಗಿಸು, ಮತ್ತೆ ಹಾಕು ಎನ್ನುವುದರಲ್ಲೇ ಗಂಟೆ ಮುಗಿಯುತ್ತಿತ್ತು. ಆಮೇಲೆ ದನಿಯನ್ನು ಗೆರೆಯಾಗಿ ತೋರಿಸುವ ಕಂಪ್ಯೂಟರ್ ಬಂತು. ಕಲಿಯುವವರು ಎದುರಿಗಿದ್ದ ಮನುಷ್ಯನನ್ನು ಮರೆತು ಪರದೆಯ ಗೆರೆಯ ಹಿಂದೆ ಬಿದ್ದರು. ಕೊನೆಯ ವರ್ಷಗಳಲ್ಲಿ ವಿಡಿಯೋ ಮೀಟಿಂಗ್ ಬಂದು, ಎಲ್ಲರೂ ಕ್ಯಾಮೆರಾ ಆರಿಸಿ ಕೂತರು. ನಾನು ಕಪ್ಪು ಚೌಕಗಳಿಗೆ ಪಾಠ ಹೇಳಿದೆ.

ಇಷ್ಟರ ನಡುವೆ ಬದಲಾಗದೆ ಉಳಿದದ್ದು ನನ್ನ ಗುನುಗಿನ ಪಾಠ. ಇಬ್ಬರನ್ನು ಎದುರುಬದುರು ಕೂರಿಸುವುದು. ಒಬ್ಬರು ತುಟಿ ಮುಚ್ಚಿಕೊಂಡು ಒಂದು ವಾಕ್ಯವನ್ನು ಪದಗಳಿಲ್ಲದೆ ಮೂಗಿನಲ್ಲೇ ಗುನುಗಬೇಕು. ಅದು ಬೇಡಿಕೆಯೋ, ಅಪ್ಪಣೆಯೋ, ನಿರಾಕರಣೆಯೋ ಎಂದು ಇನ್ನೊಬ್ಬರು ಹೇಳಬೇಕು. ದೊಡ್ಡ ದೊಡ್ಡ ಮ್ಯಾನೇಜರುಗಳು ಮೊದಮೊದಲು ನಾಚಿಕೊಳ್ಳುತ್ತಿದ್ದರು. ಹತ್ತು ನಿಮಿಷದಲ್ಲಿ ಮಕ್ಕಳಾಗುತ್ತಿದ್ದರು. ಪದಗಳನ್ನು ತೆಗೆದುಬಿಟ್ಟರೆ ಜನ ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ ಎನ್ನುವುದನ್ನು ನಾನು ಅಲ್ಲೇ ಕಂಡದ್ದು.

ಇನ್ನು ಶಬ್ಬೀರನ ವಿಷಯ. ವಯಸ್ಸಿನಲ್ಲಿ ನನ್ನ ಮಗನಷ್ಟಾದ್ದರಿಂದ ಬರೆಯುವಾಗ ಏಕವಚನ, ಎದುರಿಗೆ ‘ನೀವು’ ಎಂದೇ ಅನ್ನುತ್ತಿದ್ದೆ. ಬಾಗಲಕೋಟೆಯ ಹುಡುಗ, ಒಳ್ಳೆಯ ಎಂಜಿನಿಯರ್. ಊರ ಹೊರಗಿನ ಒಂದು ದೊಡ್ಡ ಉಗ್ರಾಣದಲ್ಲಿ ಅವನ ಕೆಲಸ. ಅಲ್ಲಿ ಎತ್ತರದ ಕಪಾಟುಗಳ ನಡುವೆ ಕ್ರೇನುಗಳು ತಾವೇ ಓಡಾಡಿ ಪೆಟ್ಟಿಗೆ ಎತ್ತಿಡುತ್ತವೆ. ಮೇಲಿನ ಕೋಣೆಯಲ್ಲಿ ಕೂತು ಪರದೆಯಲ್ಲಿ ಅವುಗಳನ್ನು ನೋಡುತ್ತ, ಕೆಳಗೆ ಕೆಲಸ ಮಾಡುವವರಿಗೆ ವಾಕಿಟಾಕಿಯಲ್ಲಿ ಇಂಗ್ಲಿಷ್‌ನಲ್ಲಿ ಸೂಚನೆ ಕೊಡುವುದು ಅವನ ಪಾಲಿನದು. ಕೆಳಗಿನವರು ಏಳೆಂಟು ದೇಶದವರು. ಆರು ತಿಂಗಳ ಪರೀಕ್ಷಾ ಅವಧಿ ಮುಗಿದರೆ ನೌಕರಿ ಕಾಯಂ. ನಾಲ್ಕನೆಯ ತಿಂಗಳಲ್ಲಿ ಅವನ ಮೇಲಧಿಕಾರಿ ಲೇನಾ ನನಗೆ ಫೋನ್ ಮಾಡಿದಳು.

‘ತುಂಬ ಬುದ್ಧಿವಂತ. ಆದರೆ ಕೆಳಗಿನವರಿಗೆ ಅವನ ಜೊತೆ ಕೆಲಸ ಮಾಡಲು ಮನಸ್ಸಿಲ್ಲ. ಬೈಯುತ್ತಾನೆ ಎನ್ನುತ್ತಾರೆ. ನಾನು ಎರಡು ಸಲ ಅವನಿಗೆ ಹೇಳಿದೆ.’

ಶಬ್ಬೀರನನ್ನು ಕೇಳಿದೆ. ‘ನನಗ್ಯಾರೂ ಏನೂ ಹೇಳಿಲ್ವಲ್ಲ ಮೇಡಂ,’ ಎಂದ. ‘ಲೇನಾ ಒಂದ್ಸಲ ಫಿಕಾದಲ್ಲಿ, ನಿನ್ನ ವಾಯ್ಸ್ ಬಗ್ಗೆ ಥಿಂಕ್ ಮಾಡಿದ್ರೆ ನೈಸ್ ಆಗಿರತ್ತೆ ಅಂದ್ರು. ಕಾಂಪ್ಲಿಮೆಂಟ್ ಅಂದ್ಕೊಂಡೆ.’

ನನಗೆ ದಾಲ್ಚಿನ್ನಿ ಬನ್ನು ನೆನಪಾಯಿತು. ‘ಅದು ಎಚ್ಚರಿಕೆ ಕೊಟ್ಟದ್ದು. ಎರಡು ತಿಂಗಳಲ್ಲಿ ದನಿ ತಿದ್ದಿಕೊಳ್ಳದಿದ್ದರೆ ನಿಮ್ಮನ್ನು ಕಳಿಸುತ್ತಾರೆ’ ಎಂದು ಬಿಡಿಸಿ ಹೇಳಿದೆ. ಹೆಂಡತಿ ನಸ್ರೀನ್ ಆಗಷ್ಟೇ ಸ್ವೀಡಿಷ್ ತರಗತಿಗೆ ಸೇರಿದ್ದಳು. ನಾಲ್ಕು ವರ್ಷದ ಆಯಿಷಾ ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೊಂದಿಕೊಂಡಿದ್ದಳು. ಅವನ ವೀಸಾ ಆ ನೌಕರಿಗೇ ಕಟ್ಟುಬಿದ್ದಿತ್ತು.

ಅವನ ಹಾಗೆ ಕಲಿತವರನ್ನು ನಾನು ನೋಡಿಲ್ಲ. ‘ಓಪನ್ ಗೇಟ್ ಟೂ’ ಎಂದು ಕಲ್ಲು ಹಾಕಿದಂತೆ ಹೇಳುತ್ತಿದ್ದವನು ‘ಕುಡ್ ಯೂ ಓಪನ್ ಗೇಟ್ ಟೂ’ ಎಂದು ಎತ್ತರದಿಂದ ಇಳಿದು, ಕೊನೆಗೆ ತುದಿಯನ್ನು ತುಸು ಎತ್ತುವುದನ್ನು ರೂಢಿಸಿಕೊಂಡ. ಬಸ್ಸಿನಲ್ಲಿ ಗುನುಗಿದ, ಮಗಳಿಗೆ ಸ್ನಾನ ಮಾಡಿಸುವಾಗ ಗುನುಗಿದ. ಒಂದು ದಿನ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ನಸ್ರೀನ್ ಬಿರಿಯಾನಿ ಬಡಿಸುತ್ತ, ‘ಆಂಟಿ, ಇವ್ರು ಮನೇಲೂ ಹಿಂಗೇ ಮಾತಾಡ್ತಾರೆ. ಕಸ್ಟಮರ್ ಕೇರ್ ಅವ್ರ ಜೊತೆ ಸಂಸಾರ ಮಾಡ್ದಂಗಾಗಿದೆ ನಂಗೆ’ ಎಂದಳು. ಎಲ್ಲರೂ ನಕ್ಕೆವು. ನಾನು ಜಂಬದಿಂದ ನಕ್ಕೆ. ಆ ವಾರವೇ ಲೇನಾಳಿಂದ ಮೆಚ್ಚುಗೆಯ ಮೇಲ್ ಬಂದಿತ್ತು.

ಐದನೆಯ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಅಪಘಾತವಾಯಿತು. ಮಾರೆಕ್ ಎಂಬ ಪೋಲೆಂಡಿನವನು ಕಪಾಟುಗಳ ನಡುವಿನ ದಾರಿಯಲ್ಲಿ ನಿಂತು ಪೆಟ್ಟಿಗೆಯೊಂದಕ್ಕೆ ಟೇಪು ಹಚ್ಚುತ್ತಿದ್ದ. ನಿಂತಿರಬೇಕಾದ ಕ್ರೇನ್ ಚಲಿಸತೊಡಗಿತು. ಶಬ್ಬೀರ್ ನೋಡಿ ವಾಕಿಟಾಕಿಯಲ್ಲಿ ಹೇಳಿದ. ಮಾರೆಕ್ ಕದಲಲಿಲ್ಲ. ಶಬ್ಬೀರ್ ಎದ್ದು ಓಡಿಹೋಗಿ ಗೋಡೆಯ ಕೆಂಪು ಗುಂಡಿ ಒತ್ತಿದ. ಕ್ರೇನ್ ನಿಂತಿತು, ಆದರೆ ಅಷ್ಟರಲ್ಲಿ ಮಾರೆಕ್‌ನ ಮುಂಗೈ ಮುರಿದಿತ್ತು. ಇನ್ನೊಂದು ಕ್ಷಣ ಕಳೆದಿದ್ದರೆ ಪ್ರಾಣವೇ ಹೋಗುತ್ತಿತ್ತು.

ಆ ವಾರದ ಶುಕ್ರವಾರ ಲೇನಾ ನನ್ನನ್ನು ಕರೆಸಿದಳು. ಅಲ್ಲಿ ಮೀಟಿಂಗ್ ಕೋಣೆಗಳಿಗೆ ಗಾಜಿನ ಗೋಡೆ. ಹೊರಗೆ ಕಾಫಿ ಯಂತ್ರದ ಪಕ್ಕದ ಕುರ್ಚಿಯಲ್ಲಿ ಶಬ್ಬೀರ್ ಕೂತಿದ್ದ. ತನ್ನ ನೌಕರಿಯ ತೀರ್ಮಾನ ಅಂದೇ ಆಗುವುದೆಂದು ಅವನಿಗೆ ಗೊತ್ತಿತ್ತು. ಲೇನಾ ಬಾಗಿಲು ಮುಚ್ಚಿ ಅಪಘಾತದ ಬೆಳಗಿನ ವಾಕಿಟಾಕಿಯ ಧ್ವನಿಮುದ್ರಣ ಹಾಕಿದಳು.

‘ಮಾರೆಕ್, ಕುಡ್ ಯೂ ಮೇಬಿ ಸ್ಟೆಪ್ ಬ್ಯಾಕ್ ಎ ಲಿಟಲ್?’

ಎತ್ತರದಿಂದ ಚಂದವಾಗಿ ಇಳಿದು, ಕೊನೆಗೆ ತುದಿ ಎತ್ತಿದ್ದ. ಅದು ನನ್ನ ಧಾಟಿ. ತುದಿ ಎತ್ತುವ ಮೊದಲು ನಾನು ಒಂದು ಕೂದಲೆಳೆಯಷ್ಟು ತಡೆಯುತ್ತೇನೆ, ಅದೂ ಅಲ್ಲಿತ್ತು. ಮಾರೆಕ್‌ನ ಹೇಳಿಕೆಯನ್ನೂ ಲೇನಾ ಓದಿದಳು: ‘ಟೇಪು ಹಚ್ಚಿ ಮುಗಿಸಿ ಸರಿದರಾಯಿತು ಎಂದುಕೊಂಡೆ. ಅವಸರವೇನೂ ಇದ್ದ ಹಾಗೆ ಕೇಳಿಸಲಿಲ್ಲ.’ ನಾನು ಒಂದೇ ಒಂದು ಸಲ ಕೂಡ ಆ ಉಗ್ರಾಣದ ನೆಲದ ಮೇಲೆ ಕಾಲಿಟ್ಟಿರಲಿಲ್ಲ. ಅವನು ಕೂಗಬೇಕಾದ ಗಳಿಗೆಯೂ ಬರುತ್ತದೆಯೇ ಎಂದು ಕೇಳಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಎಲ್ಲರ ದನಿಯನ್ನೂ ಮೃದು ಮಾಡಿದ್ದೆ. ಅವನ ಬಳಿ ಇದ್ದ ಗಟ್ಟಿ ದನಿಯನ್ನು ಕಿತ್ತುಕೊಂಡು ಬದಲಿಗೆ ಒಂದೇ ಒಂದು ಧಾಟಿ ಕೊಟ್ಟು ಕಳಿಸಿದ್ದೆ.

‘ಇದು ಬಹುಶಃ ಅವನಿಗೆ ಪೂರ್ತಿ ಹೊಂದುವ ಜಾಗ ಅಲ್ಲವೇನೋ,’ ಎಂದಳು ಲೇನಾ. ಅದೇ ಮೃದು ದನಿ. ‘ತರಬೇತಿ ಸಾಕಾಗಲಿಲ್ಲ ಎಂದು ನೀವು ಒಂದು ಸಾಲು ಬರೆದುಕೊಟ್ಟರೆ ಒಳ್ಳೆಯದಿತ್ತು.’

ಇಲ್ಲಿ ಇಷ್ಟು ವರ್ಷ ಇದ್ದವಳಿಗೆ ಅದರ ಅರ್ಥ ಗೊತ್ತಾಗದೇ ಇರುತ್ತದೆಯೇ? ತೀರ್ಮಾನ ಆಗಿಹೋಗಿತ್ತು. ನಾನು ಮಾತು ಶುರುಮಾಡಿದೆ. ಎರಡು ಕಡೆಯಿಂದಲೂ ನೋಡಬಹುದೇನೋ, ನನ್ನ ಪಾಠದಲ್ಲಿಯೂ ಕೆಲವು ಕೊರತೆ ಇದ್ದಿರಬಹುದು ಎಂದೆಲ್ಲ ಎತ್ತಿ ಇಳಿಸಿ ನಾಲ್ಕು ವಾಕ್ಯ ಹೇಳಿದೆ. ಲೇನಾ ನಾಲ್ಕಕ್ಕೂ ತಲೆದೂಗಿದಳು. ಕೈಯಲ್ಲಿದ್ದ ಪೆನ್ನು ಮಾತ್ರ ಅಲ್ಲಾಡಲಿಲ್ಲ. ನಾನು ಹೇಳಿದ್ದು ಅವಳಿಗೆ ಸೌಜನ್ಯವಾಗಿ ಕೇಳಿಸಿತ್ತು, ಅಷ್ಟೇ. ಮಾರೆಕ್‌ಗೆ ಶಬ್ಬೀರನ ಮಾತು ಕೇಳಿಸಿದ ಹಾಗೆಯೇ.

ಹೊರಗೆ ನೋಡಿದೆ. ಶಬ್ಬೀರ್ ಖಾಲಿ ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

‘ಇಲ್ಲ,’ ಎಂದೆ.

ಆಮೇಲೆ ಬಂದ ಇಂಗ್ಲಿಷ್ ಪೂರ್ತಿ ಗದಗಿನದು. ‘ತಪ್ಪು ನನ್ನದು. ಬರೆದುಕೋ. ಆ ಧ್ವನಿಮುದ್ರಣದಲ್ಲಿರುವುದು ಅವನ ದನಿ ಅಲ್ಲ, ನನ್ನದು. ನೀನು ನನ್ನ ಹತ್ತಿರ ಕಳಿಸುವ ಮೊದಲು ಇದ್ದನಲ್ಲ, ಆ ಮನುಷ್ಯ ಒಂದೇ ಕೂಗಿಗೆ ಮಾರೆಕ್‌ನನ್ನು ಆಚೆ ಜಿಗಿಸುತ್ತಿದ್ದ. ದನಿ ತಗ್ಗಿಸು ಎಂದು ಹೇಳಿದವಳು ನೀನು. ತಗ್ಗಿಸಿದವಳು ನಾನು. ನಾವಿಬ್ಬರು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ಅವನನ್ನು ಮನೆಗೆ ಕಳಿಸಲು ನಾನು ಕಾಗದ ಬರೆದುಕೊಡುವುದಿಲ್ಲ.’

ಏರಿಲ್ಲ, ಇಳಿವಿಲ್ಲ, ತುದಿ ಎತ್ತಲಿಲ್ಲ. ಒಂದೊಂದು ಪದವೂ ಮೇಜಿನ ಮೇಲೆ ಬಿದ್ದಿತು. ಪಕ್ಕದ ಗಾಜಿನ ಕೋಣೆಯಲ್ಲಿದ್ದವರು ನಮ್ಮ ಕಡೆ ತಿರುಗಿದರು.

‘ನಿಮಗೆ ಕೋಪ ಬಂದಿರುವ ಹಾಗೆ ಕೇಳಿಸುತ್ತಿದೆ,’ ಎಂದಳು ಲೇನಾ.

‘ಬಂದಿದೆ,’ ಎಂದೆ.

ಈ ದೇಶದ ಉತ್ತರದ ಕಡೆಯ ಕೆಲವರು ಹೌದು ಎನ್ನಲು ಬಾಯಿಂದ ಸುಯ್ ಎಂದು ಉಸಿರನ್ನು ಒಳಗೆಳೆದುಕೊಳ್ಳುತ್ತಾರೆ, ಅಷ್ಟೇ. ಲೇನಾಳೂ ಆ ಕಡೆಯವಳು, ಹಾಗೆ ಉಸಿರೆಳೆದುಕೊಂಡಳು. ಕಾಗದಕ್ಕೆ ಪೆನ್ನು ಊರಿ ಬರೆಯತೊಡಗಿದಳು. ಬರೆದು ಮುಗಿಸಿ, ‘ಅವನು ಇರಲಿ. ಆದರೆ ಸೋಮವಾರ ನೀವು ಕೆಳಗೆ ಬರಬೇಕು’ ಎಂದಳು.

ಸೋಮವಾರದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಅಪಾಯ ಬಂದಾಗ ಎಲ್ಲರಿಗೂ ಮೂರೇ ಪದ ಎಂದು ಗೊತ್ತುಮಾಡಿದೆವು: ಸ್ಟಾಪ್, ಬ್ಯಾಕ್, ಔಟ್. ಅವನ್ನು ಹೇಗೆ ಕೂಗಬೇಕೆಂದು ಕಲಿಸಿದವನು ಶಬ್ಬೀರ್. ಸ್ವೀಡನ್ನಿನವರಿಗೆ ಕೂಗುವುದೇ ಬರಲಿಲ್ಲ. ಅವರ ‘ಸ್ಟಾಪ್’ ಅನುಮತಿ ಕೇಳಿದ ಹಾಗಿತ್ತು. ‘ನಿಮ್ಮ ಮಗು ರಸ್ತೆಗೆ ಓಡಿದರೆ ಹೇಗೆ ಕೂಗ್ತೀರೋ ಹಾಗೆ’ ಎಂದು ಅವನು ಹೇಳಿಕೊಟ್ಟ ಮೇಲೆ ಬಂತು. ಲೇನಾ ಒಮ್ಮೆ ಕೂಗಿ ಕೆಂಪಗಾದಳು. ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಮಾರೆಕ್ ಎಲ್ಲರಿಗಿಂತ ಜೋರಾಗಿ ಕೂಗಿದ. ಆವತ್ತಿನಿಂದ ಯಾವ ಕೇಸು ಬಂದರೂ ನಾನು ಮೊದಲು ಅವರು ಕೆಲಸ ಮಾಡುವ ಜಾಗಕ್ಕೆ ಹೋಗಿ ಒಂದು ದಿನ ಸುಮ್ಮನೆ ಕೂತು ಬರುತ್ತಿದ್ದೆ. ನೀವೂ ಹಾಗೇ ಮಾಡಿ. ಮೃದು ಧಾಟಿ ಕಲಿಸಿ, ಆದರೆ ಅವರ ಬಳಿ ಮೊದಲೇ ಇರುವುದನ್ನು ಕಿತ್ತುಕೊಳ್ಳಬೇಡಿ.

ಶುಕ್ರವಾರಕ್ಕೆ ಬರುತ್ತೇನೆ. ಬಾಗಿಲು ತೆರೆದು ಹೊರಗೆ ಬಂದೆ. ಶಬ್ಬೀರ್ ಎದ್ದು ನಿಂತ. ಅಷ್ಟು ತಿಂಗಳೂ ನನ್ನ ಜೊತೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದವನು, ನಾನೂ ಅಷ್ಟೇ. ಆವತ್ತು ಅದು ಇಬ್ಬರಿಗೂ ಮರೆತುಹೋಯಿತು.

‘ಒಳಗಿಂದು ಏನರೆ ಕೇಳಿಸ್ತೇನಪಾ?’ ಎಂದೆ.

‘ಮಾತು ಒಂದೂ ಕೇಳಿಸಲಿಲ್ರಿ ಮೇಡಂ. ಗಾಜು ಭಾಳ ದಪ್ಪ ಐತಿ. ಗುನುಗು ಅಷ್ಟ ಕೇಳಿಸ್ತು.’

‘ಹಂಗಾರ ಹೇಳು ನೋಡೋಣು. ಬೇಡಿಕೆನೋ, ಅಪ್ಪಣೆನೋ, ಒಲ್ಲೆ ಅನ್ನೂದೋ?’

ಅವನು ತಲೆಯಾಡಿಸಿದ. ‘ಮೂರೂ ಅಲ್ರಿ. ಸಣ್ಣಾಂವಿದ್ದಾಗ ಒಮ್ಮೆ ಸಾಲ್ಯಾಗ ನನ್ನ ಹೊರಗ ನಿಂದರ್ಸಿದ್ರು. ನಮ್ಮ ಅಮ್ಮಿ ಬಂದು ಹೆಡ್‌ಮಾಸ್ತರ ಕೋಲ್ಯಾಗ ಹೋಗಿ ಜಗಳಾ ಮಾಡಿದ್ಲು. ಹೊರಗ ನಿಂತು ಕೇಳಿದ್ನಿ. ಹಂಗ ಇತ್ರಿ.’

‘ನೌಕರಿ ಉಳೀತಪಾ’ ಎಂದೆ.

‘ಅದೂ ಗುನುಗಿನ್ಯಾಗ ಗೊತ್ತಾತ್ರಿ,’ ಎಂದ. ಲೋಟವನ್ನು ಕೆಳಗಿಟ್ಟು, ನಸ್ರೀನ್‌ಗೆ ಫೋನ್ ಮಾಡಿದ.